ದಾರಿ ತೋರುವ ಫಲಕ

ಪರಸ್ಥಳದಿಂದ ಬಂದ ಯಾತ್ರಿಕರ ವಾಹನವೊಂದು ದಾರಿಗಳು ಕೂಡುವೆಡೆಯಲ್ಲಿ ನಿಂತಿದೆ. ಹೊತ್ತು ಮುಳುಗಿದೆ. ಬಲಕ್ಕೆ ತಿರುಗಬೇಕೆ, ನೇರವಾಗಿ ಸಾಗಬೇಕೆ ಎಂಬುದು ತಿಳಿಯದು. ಕೇಳೋಣವೆಂದರೆ ಸುತ್ತ ನರಪಿಳ್ಳೆಯೂ ಇಲ್ಲ. ವಾಹನದೊಳಗೆ ನಿದ್ದೆಗೆ ಜಾರಿದ ಮಕ್ಕಳು, ದಣಿದ ಹಿರಿಯರು. ಅಷ್ಟರಲ್ಲಿ ದೀಪದ ಬೆಳಕು ಹಾದಿಯ ಪಕ್ಕದ ಹಸಿರು ಹಲಗೆಯೊಂದರ ಮೇಲೆ ಬೀಳುತ್ತದೆ. ‘ಶ್ರವಣಬೆಳಗೊಳ’ ಎಂಬ ಹೆಸರು, ಅದರ ಪಕ್ಕದಲ್ಲಿ ಒಂದು ಬಾಣದ ಗುರುತು, ದೂರವನ್ನು ತಿಳಿಸುವ ಒಂದು ಅಂಕೆ, ಇಷ್ಟೇ ಅಲ್ಲಿರುವುದು. ಆದರೆ ಅಷ್ಟರಿಂದಲೇ ಎಲ್ಲರ ಮನಸ್ಸಿನ ಆತಂಕ ಹರಿಯುತ್ತದೆ.

ದಿನವೂ ನೋಡುವ ಇಂಥ ಫಲಕಗಳ ಬಗೆಗೆ ನಾವು ಆಲೋಚಿಸುವುದು ಅಪರೂಪ. ಅವನ್ನು ನಿಲ್ಲಿಸುವವರು ಯಾರು? ಅವುಗಳ ಮೇಲೆ ಯಾವ ಹೆಸರನ್ನು ಬರೆಯಬೇಕು, ಯಾವುದನ್ನು ಬಿಡಬೇಕು? ಅದರಲ್ಲಿಯೂ ದೇವಾಲಯ, ಮಸೀದಿ, ಚರ್ಚು, ಬಸದಿ, ಗುರುದ್ವಾರ, ಬೌದ್ಧವಿಹಾರಗಳಂತಹ ಪೂಜಾಸ್ಥಳಗಳ ದಾರಿಯನ್ನು ತೋರಿಸುವಾಗ ಯಾವ ನಿಯಮಗಳನ್ನು ಪಾಲಿಸಬೇಕು? ಮೇಲುನೋಟಕ್ಕೆ ಇದು ಅಲ್ಪ ವಿಷಯವೆಂದು ತೋರಬಹುದು. ಆದರೆ ಪ್ರಯಾಣಿಕರ ಪ್ರಾಣರಕ್ಷಣೆ ಮತ್ತು ನಾಗರಿಕರ ನಡುವಣ ನ್ಯಾಯ, ಇವೆರಡೂ ಇದರಲ್ಲಿ ಅಡಗಿವೆ.

ದಾರಿಹೋಕನಿಗೆ ನೆರವಾಗುವುದು ಪುಣ್ಯಕಾರ್ಯವೆಂಬ ಭಾವನೆ ನಮ್ಮ ನಾಡಿನಲ್ಲಿ ಬಹು ಪುರಾತನವಾದುದು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಆಳಿದ ಅಶೋಕ ಚಕ್ರವರ್ತಿಯು ಹೆದ್ದಾರಿಗಳ ಬದಿಯಲ್ಲಿ ಮರಗಳನ್ನು ನೆಡಿಸಿದ, ಬಾವಿಗಳನ್ನು ತೋಡಿಸಿದ ಸಂಗತಿಯನ್ನು ಅವನ ಶಾಸನಗಳೇ ಸಾರುತ್ತವೆ. ಶೇರ್ ಷಹನ ಮತ್ತು ಮೊಗಲ್ ಅರಸರ ಕಾಲದಲ್ಲಿ ಉತ್ತರ ಭಾರತದ ರಾಜಮಾರ್ಗಗಳ ಉದ್ದಕ್ಕೂ ‘ಕೋಸ್ ಮಿನಾರ್’ ಎಂಬ ಕಂಬಗಳು ಎದ್ದುನಿಂತವು. ಸುಮಾರು ಮೂವತ್ತು ಅಡಿ ಎತ್ತರದ ಈ ಇಟ್ಟಿಗೆಯ ಕಂಬಗಳನ್ನು ಒಂದೊಂದು ಕೋಸಿಗೆ, ಎಂದರೆ ಸುಮಾರು ಮೂರು ಕಿಲೋಮೀಟರಿಗೆ ಒಂದರಂತೆ ಕಟ್ಟಿದ್ದರು. ದೂರದಿಂದಲೇ ಕಾಣುವ ಕಂಬವನ್ನು ಗುರಿಯಾಗಿಟ್ಟುಕೊಂಡು ಪಯಣಿಗರು ನಡೆಯುತ್ತಿದ್ದರು. ಅನಂತರ ಮೈಲಿಗಲ್ಲುಗಳು ಬಂದವು. ಈಗ ದೂರವನ್ನು ಕಿಲೋಮೀಟರುಗಳಲ್ಲಿ ಅಳೆಯುತ್ತೇವಾದರೂ ‘ಮೈಲಿಗಲ್ಲು’ ಎಂಬ ಮಾತು ಮಾತ್ರ ನಮ್ಮ ನುಡಿಯಲ್ಲಿ ಉಳಿದುಕೊಂಡಿದೆ.

ಪೂಜಾಸ್ಥಳಗಳಿಗಂತೂ ಹಿಂದೆ ಫಲಕದ ಅಗತ್ಯವೇ ಇರಲಿಲ್ಲ. ಗುಡಿಯ ಗೋಪುರ, ಮಸೀದಿಯ ಮಿನಾರು, ಚರ್ಚಿನ ಶಿಖರ ಇವೇ ದೂರದ ಕಣ್ಣಿಗೆ ಗುರುತುಗಳಾಗಿದ್ದವು. ವಿಂಧ್ಯಗಿರಿಯ ಮೇಲೆ ಸುಮಾರು ಐವತ್ತೇಳು ಅಡಿ ಎತ್ತರಕ್ಕೆ ನಿಂತಿರುವ ಗೊಮ್ಮಟನೇ ತನ್ನೂರಿನ ದಾರಿಯನ್ನು ತೋರಿಸುತ್ತಿದ್ದನೆಂದರೂ ಸಲ್ಲುತ್ತದೆ. ಕಾಲ್ನಡಿಗೆಯಲ್ಲಿಯೋ ಎತ್ತಿನ ಗಾಡಿಯಲ್ಲಿಯೋ ಹೋಗುವವನಿಗೆ ಅವಸರವಿರಲಿಲ್ಲ. ದಾರಿ ತಪ್ಪಿದರೆ ಹೊಲದಲ್ಲಿ ದುಡಿಯುವವರನ್ನು ಕೇಳಿ ತಿಳಿದುಕೊಳ್ಳುತ್ತಿದ್ದನು. ಇಂದಿನ ಪರಿಸ್ಥಿತಿ ಬೇರೆ. ಹೆದ್ದಾರಿಗಳು ಊರನ್ನು ಬಳಸಿಕೊಂಡು ಹೋಗುತ್ತವೆ. ಎತ್ತರದ ಕಟ್ಟಡಗಳು ಗೋಪುರಗಳನ್ನು ಮರೆಮಾಡಿವೆ. ವೇಗವಾಗಿ ಹೋಗುವ ವಾಹನವನ್ನು ನಡುರಸ್ತೆಯಲ್ಲಿ ನಿಲ್ಲಿಸಿ ದಾರಿ ಕೇಳುವುದು ಅಪಾಯಕರ. ಹೀಗಾಗಿ ಊರವರ ಬಾಯಿ ಹೇಳುತ್ತಿದ್ದುದನ್ನು ಈಗ ಹಲಗೆ ಹೇಳಬೇಕಾಗಿದೆ.

ರಸ್ತೆಯ ಫಲಕಗಳಲ್ಲಿ ಮೂರು ಬಗೆಯುಂಟು. ಪಾಲಿಸಲೇಬೇಕಾದ ಆಜ್ಞೆಯನ್ನು ಕೊಡುವ ಫಲಕಗಳು ಮೊದಲನೆಯವು. ಇವು ಸಾಮಾನ್ಯವಾಗಿ ದುಂಡಾಗಿರುತ್ತವೆ. ಮುಂದಿರುವ ತಿರುವು, ಶಾಲೆ, ರೈಲ್ವೆ ದಾಟು ಮೊದಲಾದವುಗಳ ಬಗೆಗೆ ಎಚ್ಚರಿಸುವ ಫಲಕಗಳು ಎರಡನೆಯವು, ಇವು ತ್ರಿಕೋನಾಕಾರದವು. ಕೇವಲ ಮಾಹಿತಿಯನ್ನು ನೀಡುವ ಆಯತಾಕಾರದ ಫಲಕಗಳು ಮೂರನೆಯವು. ಊರುಗಳ ದಿಕ್ಕು ಮತ್ತು ದೂರ, ಆಸ್ಪತ್ರೆ, ಪೆಟ್ರೋಲ್ ಬಂಕು, ವಿಶ್ರಾಂತಿಯ ತಾಣ ಇವುಗಳನ್ನು ತಿಳಿಸುವ ಹಲಗೆಗಳೆಲ್ಲ ಈ ಮೂರನೆಯ ವರ್ಗಕ್ಕೆ ಸೇರುತ್ತವೆ. ಪೂಜಾಸ್ಥಳದ ದಾರಿಯನ್ನು ತೋರುವ ಫಲಕವೂ ಇದೇ ಬಗೆಯದು. ಅದು ಆಜ್ಞೆಯಲ್ಲ, ಆಹ್ವಾನವೂ ಅಲ್ಲ, ಮಾಹಿತಿ ಮಾತ್ರ. ಈ ಒಂದು ಅಂಶವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ನಿಯಮಗಳ ಮರ್ಮವು ತಾನಾಗಿಯೇ ತಿಳಿಯುತ್ತದೆ.

ಈ ಫಲಕಗಳ ರೂಪವು ಎಲ್ಲೆಡೆಯೂ ಒಂದೇ ಆಗಿದ್ದರೆ ಮಾತ್ರ ಅವು ಪ್ರಯೋಜನಕಾರಿ. ಈ ಉದ್ದೇಶದಿಂದ 1968ರಲ್ಲಿ ವಿಯೆನ್ನಾ ನಗರದಲ್ಲಿ ರಸ್ತೆಯ ಚಿಹ್ನೆಗಳನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದವೊಂದು ರೂಪುಗೊಂಡಿತು. ಭಾರತವು 1980ರಲ್ಲಿ ಅದನ್ನು ಒಪ್ಪಿಕೊಂಡಿತು. ಈ ಒಪ್ಪಂದದಲ್ಲಿ ಗಮನಾರ್ಹವಾದ ಒಂದು ಸಂಗತಿಯಿದೆ. ಪ್ರಥಮ ಚಿಕಿತ್ಸೆಯ ಕೇಂದ್ರವನ್ನು ತೋರಿಸಲು ಕೆಂಪು ಶಿಲುಬೆಯೊಂದನ್ನೇ ಬಳಸಬೇಕೆಂದು ಅದು ಹಟ ಹಿಡಿಯಲಿಲ್ಲ. ಆಯಾ ದೇಶದಲ್ಲಿ ರೂಢಿಯಲ್ಲಿರುವ ಕೆಂಪು ಅರ್ಧಚಂದ್ರದಂತಹ ಗುರುತನ್ನೂ ಬಳಸಬಹುದೆಂದು ಅವಕಾಶವಿತ್ತಿತು. ಗಾಯಗೊಂಡವನಿಗೆ ಬೇಕಾದುದು ಅವನಿಗೆ ಅರ್ಥವಾಗುವ ಗುರುತು ಎಂಬ ವಿವೇಕ ಇಲ್ಲಿ ಕಾಣುತ್ತದೆ.

ನಮ್ಮ ದೇಶದಲ್ಲಿ 1988ರ ಮೋಟಾರು ವಾಹನಗಳ ಕಾಯಿದೆಯು ಈ ವಿಷಯಕ್ಕೆ ಆಧಾರ. ಸಂಚಾರದ ಫಲಕಗಳನ್ನು ನಿಲ್ಲಿಸುವ ಅಧಿಕಾರವು ಸರ್ಕಾರಕ್ಕೆ ಅಥವಾ ಅದರಿಂದ ಅಧಿಕಾರ ಪಡೆದ ಸಂಸ್ಥೆಗೆ ಸೇರಿದುದೆಂದು ಅದರ 116ನೆಯ ಪ್ರಕರಣವು ಹೇಳುತ್ತದೆ. ಅಕ್ಷರಗಳ ಗಾತ್ರ, ಬಣ್ಣ, ಫಲಕದ ಎತ್ತರ ಮುಂತಾದ ತಾಂತ್ರಿಕ ವಿವರಗಳನ್ನು ‘ಭಾರತೀಯ ರಸ್ತೆ ಕಾಂಗ್ರೆಸ್’ ಎಂಬ ತಜ್ಞರ ಸಂಸ್ಥೆಯು ಗೊತ್ತುಪಡಿಸುತ್ತದೆ. 1934ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ರಸ್ತೆಯ ಫಲಕಗಳ ಸಂಹಿತೆಯೊಂದನ್ನು ಸಿದ್ಧಪಡಿಸಿ, 2001 ಮತ್ತು 2012 ಮೊದಲಾದ ವರ್ಷಗಳಲ್ಲಿ ಅದನ್ನು ಪರಿಷ್ಕರಿಸಿದೆ.

ಒಂದು ಊರಿನ ದಾರಿಯನ್ನು ಒಂದೇ ಹಲಗೆಯಿಂದ ತೋರಿಸಲಾಗದು. ಕೂಡುದಾರಿಗೆ ಸಾಕಷ್ಟು ಮೊದಲೇ ನಿಲ್ಲಿಸುವ ಫಲಕವು, ಮುಂದೆ ತಿರುವು ಬರಲಿದೆಯೆಂದು ಚಾಲಕನನ್ನು ಅಣಿಗೊಳಿಸುತ್ತದೆ. ಕೂಡುದಾರಿಯಲ್ಲಿಯೇ ಇರುವ ಫಲಕವು, ಇಲ್ಲಿ ತಿರುಗು ಎನ್ನುತ್ತದೆ. ತಿರುಗಿದ ಮೇಲೆ ಕಾಣುವ ಮೂರನೆಯ ಫಲಕವು, ನೀನು ಹಿಡಿದ ದಾರಿ ಸರಿಯಾಗಿದೆಯೆಂದು ಭರವಸೆ ನೀಡುತ್ತದೆ. ಮೊದಲನೆಯದು ಇಲ್ಲದಿದ್ದರೆ ಚಾಲಕನು ತಿರುವಿನ ಬಳಿ ಥಟ್ಟನೆ ವಾಹನವನ್ನು ತಡೆಯುತ್ತಾನೆ. ಹಿಂದಿನಿಂದ ಬರುವ ವಾಹನವು ಡಿಕ್ಕಿ ಹೊಡೆಯಬಹುದು. ಮೂರನೆಯದು ಇಲ್ಲದಿದ್ದರೆ ಸರಿಯಾದ ದಾರಿಯಲ್ಲಿರುವವನೂ ಸಂದೇಹಗೊಂಡು ಹಿಂದಿರುಗಬಹುದು.

ಇನ್ನು ಓದುವ ವೇಳೆಯ ಲೆಕ್ಕವನ್ನು ನೋಡೋಣ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 22 ಮೀಟರ್ ಮುಂದೆ ಸಾಗುತ್ತದೆ. ಫಲಕವನ್ನು ಓದಲು ಚಾಲಕನು ನಾಲ್ಕು ಸೆಕೆಂಡು ತೆಗೆದುಕೊಂಡರೆ ಅಷ್ಟರಲ್ಲಿ ವಾಹನವು ಸುಮಾರು 90 ಮೀಟರ್ ಓಡಿರುತ್ತದೆ. ಒಂದು ಅಂಗುಲ ಎತ್ತರದ ಅಕ್ಷರವನ್ನು ಸುಮಾರು ಐವತ್ತು ಅಡಿ ದೂರದಿಂದ ಓದಬಹುದೆಂಬುದು ರಸ್ತೆಯ ಎಂಜಿನಿಯರುಗಳು ಬಳಸಿಕೊಂಡು ಬಂದ ಹಳೆಯ ಲೆಕ್ಕ. ಅದರಂತೆ 90 ಮೀಟರ್ ದೂರದಿಂದ ಓದಬೇಕಾದ ಅಕ್ಷರವು ಸುಮಾರು ಆರು ಅಂಗುಲ ಎತ್ತರವಿರಬೇಕು. ಅಕ್ಷರ ದೊಡ್ಡದಾದಷ್ಟೂ ಹಲಗೆಯಲ್ಲಿ ಹಿಡಿಯುವ ಮಾತುಗಳು ಕಡಮೆಯಾಗುತ್ತವೆ. ಆದುದರಿಂದ ದಾರಿಯ ಫಲಕದಲ್ಲಿ ಮಾತು ಮಿತವಾಗಿರಬೇಕು.

ಕನ್ನಡದ ಲಿಪಿಯು ಇಲ್ಲಿ ಇನ್ನೊಂದು ಎಚ್ಚರವನ್ನು ಬೇಡುತ್ತದೆ. ‘ಸುಬ್ರಹ್ಮಣ್ಯ’ ಎಂಬ ಹೆಸರನ್ನು ಬರೆದು ನೋಡಿರಿ. ಅದರಲ್ಲಿ ಮೂರು ಒತ್ತಕ್ಷರಗಳಿವೆ. ಒತ್ತುಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಸಾಕಷ್ಟು ಅಂತರ ಬೇಕು. ಒತ್ತು ಕಿರಿದಾದರೆ ದೂರಕ್ಕೆ ಕಾಣದು. ಸಾಲು ಇಕ್ಕಟ್ಟಾದರೆ ಕೆಳಗಿನ ಅಕ್ಷರಕ್ಕೆ ತಗಲಿ ಓದು ಕೆಡುತ್ತದೆ. ರಾಷ್ಟ್ರೀಯ ಹೆದ್ದಾರಿಯ ಫಲಕದಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಎಂಬ ಮೂರು ಭಾಷೆಗಳಲ್ಲಿ ಹೆಸರನ್ನು ಬರೆಯುವುದುಂಟು. ಹಾಗಿರುವಾಗ ಒಂದು ಹೆಸರಿಗೇ ಮೂರು ಸಾಲು ಬೇಕಾಗುತ್ತದೆ. ಅದರ ಮೇಲೆ ವಿಶೇಷಣಗಳನ್ನೂ ಬಿರುದುಗಳನ್ನೂ ಹೇರಿದರೆ ಆ ಫಲಕವನ್ನು ಯಾರು ತಾನೆ ಓದಬಲ್ಲರು?

ಈಗ ನಮ್ಮ ಪ್ರಶ್ನೆಯ ಕಠಿಣವಾದ ಭಾಗಕ್ಕೆ ಬರೋಣ. ಹೆದ್ದಾರಿಯ ಬಳಿ ಒಂದು ಊರನ್ನು ಕಲ್ಪಿಸಿಕೊಳ್ಳಿರಿ. ಆ ಊರಿನಲ್ಲಿ ಒಂದು ದೇವಾಲಯ, ಒಂದು ಮಸೀದಿ, ಒಂದು ಚರ್ಚು, ಒಂದು ಬಸದಿ ಇವೆ. ದೇವಾಲಯದ ಭಕ್ತರು ಕೂಡುದಾರಿಯಲ್ಲಿ ಒಂದು ಹಲಗೆಯನ್ನು ನಿಲ್ಲಿಸಿದರು. ಅದನ್ನು ಕಂಡು ಮಸೀದಿಯವರು ಇನ್ನೊಂದನ್ನು ನಿಲ್ಲಿಸಿದರು. ಚರ್ಚಿನವರ ಹಲಗೆ ಅದಕ್ಕಿಂತ ಒಂದಡಿ ದೊಡ್ಡದಾಯಿತು. ಬಸದಿಯವರು ತಮ್ಮದಕ್ಕೆ ವಿದ್ಯುದ್ದೀಪ ಹಾಕಿಸಿದರು. ಒಂದರಲ್ಲಿ ಕಟ್ಟಡದ ಚಿತ್ರ, ಮತ್ತೊಂದರಲ್ಲಿ ಉತ್ಸವದ ವಿವರ, ಮಗದೊಂದರಲ್ಲಿ ಹಣ ಕೊಟ್ಟ ದಾನಿಗಳ ಹೆಸರು. ಕೊನೆಗೆ ಈ ನಾಲ್ಕು ಹಲಗೆಗಳ ಹಿಂದೆ ‘ಮುಂದೆ ಶಾಲೆ ಇದೆ’ ಎಂದು ಎಚ್ಚರಿಸುವ ತ್ರಿಕೋನ ಫಲಕವು ಮರೆಯಾಯಿತು. ಯಾರೊಬ್ಬರಿಗೂ ಕೆಟ್ಟ ಉದ್ದೇಶವಿರಲಿಲ್ಲ; ಎಲ್ಲರೂ ತಮ್ಮ ಭಕ್ತಿಯನ್ನೇ ತೋರಿದರು. ಆದರೆ ಅಪಾಯಕ್ಕೆ ಒಳಗಾದವರು ಶಾಲೆಯ ಮಕ್ಕಳು.

ಈ ಕಲ್ಪನೆಯ ಊರಿನಲ್ಲಿ ನಡೆದ ತಪ್ಪೇನು? ಫಲಕವು ಯಾರಿಗಾಗಿ ಎಂಬುದನ್ನು ಎಲ್ಲರೂ ಮರೆತರು. ಅದು ಪೂಜಾಸ್ಥಳದ ಹಿರಿಮೆಯನ್ನು ಸಾರುವುದಕ್ಕಲ್ಲ. ದಾರಿಯನ್ನರಿಯದ ಪರಸ್ಥಳದವನಿಗಾಗಿ ಇರುವುದು. ಊರವರಿಗೆ ತಮ್ಮ ಗುಡಿಯ ದಾರಿ ಹೇಗೂ ಗೊತ್ತು. ಅನೇಕ ದೇಶಗಳಲ್ಲಿ ರೂಢಿಗೆ ಬಂದಿರುವ ನಿಯಮಗಳೆಲ್ಲವೂ ಈ ಒಂದು ತತ್ತ್ವದಿಂದಲೇ ಹೊರಟಿವೆ.

ಮೊದಲನೆಯದಾಗಿ, ಫಲಕವನ್ನು ರಸ್ತೆಯ ಹೊಣೆ ಹೊತ್ತ ಅಧಿಕಾರಿಗಳೇ ನಿಲ್ಲಿಸಬೇಕು. ಸಂಚಾರದ ಫಲಕವನ್ನು ಮರೆಮಾಡುವ ಅಥವಾ ಅದರಂತೆಯೇ ತೋರಿ ದಾರಿ ತಪ್ಪಿಸುವ ಹಲಗೆಯನ್ನೂ ಜಾಹೀರಾತನ್ನೂ ತೆಗೆದುಹಾಕುವ ಅಧಿಕಾರವನ್ನು ನಮ್ಮ ಕಾಯಿದೆಯು ಸರ್ಕಾರಕ್ಕೆ ಕೊಟ್ಟಿದೆ. ಎರಡನೆಯದಾಗಿ, ಹಲಗೆಯ ಮೇಲೆ ಸ್ಥಳದ ಹೆಸರು, ದಿಕ್ಕು, ದೂರ ಇಷ್ಟು ಮಾತ್ರ ಇರಬೇಕು. ಸ್ತುತಿಗೂ ದಾನಿಗಳ ಹೆಸರಿಗೂ ಅಲ್ಲಿ ಎಡೆಯಿಲ್ಲ. ಮೂರನೆಯದಾಗಿ, ಒಮ್ಮೆ ಒಂದು ಹೆಸರನ್ನು ಬರೆದ ಮೇಲೆ, ಆ ಸ್ಥಳವು ಸಿಗುವವರೆಗೆ ಪ್ರತಿಯೊಂದು ಕೂಡುದಾರಿಯಲ್ಲಿಯೂ ಆ ಹೆಸರು ಮುಂದುವರಿಯಬೇಕು. ಅರ್ಧದಾರಿಯಲ್ಲಿ ಕೈಬಿಡುವ ಫಲಕವು ಇಲ್ಲದ ಫಲಕಕ್ಕಿಂತ ಕೆಟ್ಟದ್ದು. ನಾಲ್ಕನೆಯದಾಗಿ, ದೂರದ ಹೆದ್ದಾರಿಯಲ್ಲಿ ಊರಿನ ಹೆಸರಿದ್ದರೆ ಸಾಕು; ಊರಿನೊಳಗಿನ ಪೂಜಾಸ್ಥಳದ ಫಲಕವು ಅದಕ್ಕೆ ಸಮೀಪದ ರಸ್ತೆಯಲ್ಲಿರಬೇಕು.

ಐದನೆಯದು ಎಲ್ಲಕ್ಕಿಂತ ಮುಖ್ಯವಾದುದು. ಒಂದು ಧರ್ಮದ ಸ್ಥಳಕ್ಕೆ ಯಾವ ಅಳತೆಗೋಲನ್ನು ಬಳಸುತ್ತೇವೆಯೋ ಉಳಿದ ಧರ್ಮಗಳ ಸ್ಥಳಗಳಿಗೂ ಅದನ್ನೇ ಬಳಸಬೇಕು. ಕಾನೂನಿನ ಮುಂದೆ ಎಲ್ಲರೂ ಸಮಾನರೆಂದು ನಮ್ಮ ಸಂವಿಧಾನದ 14ನೆಯ ಅನುಚ್ಛೇದವು ಸಾರುತ್ತದೆ. ರಸ್ತೆಯು ಎಲ್ಲರ ತೆರಿಗೆಯ ಹಣದಿಂದಾದುದು. ಸಮಾನತೆ ಎಂದರೆ ಪ್ರತಿಯೊಂದು ಸಣ್ಣ ಗುಡಿಗೂ ದರ್ಗಾಕ್ಕೂ ಫಲಕ ಹಾಕಬೇಕೆಂದಲ್ಲ. ಅದು ಸಾಧ್ಯವೂ ಅಲ್ಲ. ‘ಹೊರಗಿನಿಂದ ಎಷ್ಟು ಜನ ಬರುತ್ತಾರೆ? ಅವರಿಗೆ ದಾರಿ ಕಾಣುವುದು ಕಷ್ಟವೆ?’ ಎಂಬ ಪ್ರಶ್ನೆಗಳನ್ನು ಎಲ್ಲ ಸ್ಥಳಗಳ ವಿಷಯದಲ್ಲಿಯೂ ಒಂದೇ ರೀತಿಯಲ್ಲಿ ಕೇಳಬೇಕು. ಧರ್ಮಸ್ಥಳಕ್ಕೂ ಕೊಲ್ಲೂರಿಗೂ, ಕಲಬುರಗಿಯ ಬಂದೇನವಾಜರ ದರ್ಗಾಕ್ಕೂ, ಕಾರ್ಕಳದ ಬಳಿಯ ಅತ್ತೂರಿನ ಚರ್ಚಿಗೂ, ಬೀದರಿನ ನಾನಕ್ ಝೀರಾ ಗುರುದ್ವಾರಕ್ಕೂ, ಬೈಲುಕುಪ್ಪೆಯ ಬೌದ್ಧವಿಹಾರಕ್ಕೂ ದೂರದೂರದಿಂದ ಜನರು ಬರುತ್ತಾರೆ. ಅವರೆಲ್ಲರೂ ದಾರಿಯನ್ನರಿಯದವರೇ. ದಾರಿಯನ್ನರಿಯದಿರುವುದರಲ್ಲಿ ಧರ್ಮಭೇದವೆಲ್ಲಿಯದು?

ಕಂದು ಬಣ್ಣದ ಫಲಕಗಳನ್ನೂ ನೀವು ಕಂಡಿರಬಹುದು. ಪ್ರವಾಸಿಗರ ಆಸಕ್ತಿಯ ತಾಣಗಳನ್ನು ತೋರಿಸಲು ಈ ಬಣ್ಣವನ್ನು ಬಳಸುವ ಪದ್ಧತಿ ಹಲವು ದೇಶಗಳಲ್ಲಿದೆ. ಫ್ರಾನ್ಸಿನಲ್ಲಿ 1970ರ ದಶಕದಲ್ಲಿ, ಇಂಗ್ಲೆಂಡಿನಲ್ಲಿ 1980ರ ದಶಕದಲ್ಲಿ ಇದು ಬಳಕೆಗೆ ಬಂದಿತು. ನಮ್ಮಲ್ಲಿಯೂ ಈಗ ರೂಢಿಯಲ್ಲಿದೆ. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಸೋಮನಾಥಪುರದ ಕೇಶವ ದೇವಾಲಯದಲ್ಲಿ ಪೂಜೆಯಿಲ್ಲ. ಆದರೆ 2023ರಲ್ಲಿ ಹಳೇಬೀಡಿನೊಂದಿಗೆ ಇವೆರಡೂ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಕಂದು ಫಲಕವು ಇಂತಹ ಸ್ಥಳದ ಪೂಜೆಯನ್ನು ಗಣಿಸುವುದಿಲ್ಲ; ಅದರ ಶಿಲ್ಪವನ್ನೂ ಇತಿಹಾಸವನ್ನೂ ನೋಡಲು ಬರುವವನನ್ನು ಗಣಿಸುತ್ತದೆ. ಭಕ್ತನೂ ಕಲಾಪ್ರೇಮಿಯೂ ಒಂದೇ ಬಾಣದ ಗುರುತನ್ನು ಹಿಡಿದು ಬರುತ್ತಾರೆ.

ಬೇರೆ ದೇಶಗಳ ಅನುಭವವೂ ಗಮನಿಸತಕ್ಕದ್ದು. ಬ್ರಿಟನ್ನಿನಲ್ಲಿ ಮೊದಲು ಫಲಕಗಳು ಊರಿಗೊಂದು ಬಗೆಯಾಗಿದ್ದವು. ಸರ್ ವಾಲ್ಟರ್ ವರ್ಬಾಯ್ಸ್ ಎಂಬುವರ ಅಧ್ಯಕ್ಷತೆಯ ಸಮಿತಿಯು 1963ರಲ್ಲಿ ವರದಿಯನ್ನು ಒಪ್ಪಿಸಿದ ಮೇಲೆ, 1965ರ ಜನವರಿ 1ರಿಂದ ದೇಶಕ್ಕೆಲ್ಲ ಒಂದೇ ರೀತಿಯ ಫಲಕಗಳು ಜಾರಿಗೆ ಬಂದವು. ಅವುಗಳ ಅಕ್ಷರಗಳನ್ನು ಜಾಕ್ ಕಿನ್ನೀರ್ ಮತ್ತು ಮಾರ್ಗರೆಟ್ ಕ್ಯಾಲ್ವರ್ಟ್ ಎಂಬ ಇಬ್ಬರು ಕಲಾವಿದರು ರೂಪಿಸಿದರು. ಅಲ್ಲಿನ ಅನೇಕ ಸ್ಥಳೀಯ ಆಡಳಿತಗಳು ಪೂಜಾಸ್ಥಳಕ್ಕೆ ಫಲಕ ಬೇಕೆಂಬ ಕೋರಿಕೆ ಬಂದಾಗ, ಆ ಸ್ಥಳವನ್ನು ಹುಡುಕುವುದು ನಿಜವಾಗಿ ಕಷ್ಟವೇ ಎಂದು ವಿಚಾರಿಸುತ್ತವೆ. ಸಮೀಪದ ಮುಖ್ಯ ರಸ್ತೆಯಿಂದ ಮಾತ್ರ ದಾರಿ ತೋರಿಸುತ್ತವೆ. ಫಲಕದ ವೆಚ್ಚವನ್ನು ಕೇಳಿದವರೇ ಭರಿಸಬೇಕೆನ್ನುತ್ತವೆ.

ಜರ್ಮನಿಯ ಕ್ರಮ ಸ್ವಲ್ಪ ಬೇರೆ. ಅಲ್ಲಿ ಊರು ಪ್ರವೇಶಿಸುವೆಡೆಯಲ್ಲಿ ಚರ್ಚಿನ ಪ್ರಾರ್ಥನೆಯ ವೇಳೆಯನ್ನು ತಿಳಿಸುವ ಸಣ್ಣ ಫಲಕಗಳಿರುತ್ತವೆ. ಕ್ಯಾಥೊಲಿಕ್ ಚರ್ಚಿನದು ಹಳದಿ, ಪ್ರಾಟೆಸ್ಟಂಟ್ ಚರ್ಚಿನದು ನೇರಳೆ. ಬಹುಕಾಲ ಇವೆರಡಕ್ಕೆ ಮೀಸಲಾಗಿದ್ದ ಈ ಅವಕಾಶವು ಮುಂದೆ ಇತರ ಧರ್ಮಸಮುದಾಯಗಳಿಗೂ ವಿಸ್ತರಿಸಿತು. ನಾಡಿನ ಜನಜೀವನವು ಬದಲಾದಂತೆ ಫಲಕದ ನಿಯಮವೂ ಬದಲಾಗಬೇಕಾಯಿತು. ಆ ದೇಶದ ಹೆದ್ದಾರಿಗಳ ಪಕ್ಕದಲ್ಲಿ ಪಯಣಿಗರಿಗಾಗಿಯೇ ಕಟ್ಟಿದ ಚರ್ಚುಗಳೂ ಇವೆ. ಅವುಗಳಲ್ಲಿ ಮೊದಲನೆಯದು 1958ರಲ್ಲಿ ಆಡೆಲ್ಸ್‌ರೀಡ್ ಎಂಬಲ್ಲಿ ಆರಂಭವಾಯಿತು.

ನಿಯಮಗಳನ್ನು ರೂಪಿಸುವುದು ಸರ್ಕಾರದ ಕೆಲಸವಾದರೆ, ಫಲಕಗಳನ್ನು ಕಾಪಾಡುವುದು ನಮ್ಮೆಲ್ಲರ ಕೆಲಸ. ದಿಕ್ಕು ತೋರುವ ಹಲಗೆಯ ಮೇಲೆ ಭಿತ್ತಿಪತ್ರ ಅಂಟಿಸುವುದು, ಅದರ ಮೇಲೆ ಬಣ್ಣ ಬಳಿಯುವುದು, ಹಬ್ಬದ ತೋರಣದಿಂದ ಅದನ್ನು ಮುಚ್ಚುವುದು ಇವೆಲ್ಲ ನಾವು ಕಾಣುತ್ತಿರುವ ಸಂಗತಿಗಳು. ಬೇಕೆಂದೇ ಫಲಕವನ್ನು ಕೀಳುವುದನ್ನಾಗಲಿ, ಕೆಡಿಸುವುದನ್ನಾಗಲಿ ಕಾಯಿದೆಯು ನಿಷೇಧಿಸಿದೆ. ಅಷ್ಟೇ ಅಲ್ಲ, ಆಕಸ್ಮಿಕವಾಗಿ ಒಂದು ಫಲಕವನ್ನು ನಿರುಪಯುಕ್ತವಾಗುವಂತೆ ಹಾಳುಮಾಡಿದವನು ಆದಷ್ಟು ಬೇಗ, ಹೆಚ್ಚೆಂದರೆ ಇಪ್ಪತ್ತನಾಲ್ಕು ಗಂಟೆಗಳೊಳಗಾಗಿ, ಪೊಲೀಸರಿಗೆ ಆ ವಿಷಯವನ್ನು ತಿಳಿಸಬೇಕೆಂದೂ ಅದು ವಿಧಿಸಿದೆ. ಒಂದು ಹಲಗೆಗೆ ಇಷ್ಟು ಕಟ್ಟುನಿಟ್ಟೇಕೆ ಎಂದು ಕೇಳಬಹುದು. ಬಿದ್ದುಹೋದ ಹಲಗೆಯ ಸ್ಥಳದಲ್ಲಿ ಅಂದು ರಾತ್ರಿಯೇ ಒಂದು ವಾಹನವು ದಾರಿ ತಿಳಿಯದೆ ನಿಲ್ಲಬಹುದು. ಅದೇ ಇದಕ್ಕೆ ಉತ್ತರ.

ದಾರಿ ತೋರುವ ಫಲಕವು ಎಲ್ಲಿಗೂ ಹೋಗುವುದಿಲ್ಲ. ಮಳೆ ಬಿಸಿಲುಗಳಲ್ಲಿ ನಿಂತಲ್ಲಿಯೇ ನಿಂತು ಇತರರನ್ನು ಗುರಿ ಮುಟ್ಟಿಸುತ್ತದೆ. ಬರುವವನು ಯಾವ ಜಾತಿಯವನು, ಯಾವ ಮತದವನು, ಅಲ್ಲಿಗೆ ಪ್ರಾರ್ಥಿಸಲು ಹೋಗುತ್ತಾನೋ ನೋಡಲು ಹೋಗುತ್ತಾನೋ ಎಂದು ಅದು ಕೇಳುವುದಿಲ್ಲ. ಅಪರಿಚಿತನಿಗೆ ಬೇಕಾದಷ್ಟನ್ನು, ಬೇಕಾದ ಹೊತ್ತಿಗೆ, ಸ್ಪಷ್ಟವಾಗಿ ಹೇಳಿ ಸುಮ್ಮನಾಗುತ್ತದೆ. ಮುಂದಿನ ಸಲ ಪ್ರವಾಸಕ್ಕೆ ಹೋದಾಗ ಕೂಡುದಾರಿಯ ಫಲಕಗಳನ್ನು ಗಮನವಿಟ್ಟು ನೋಡಿರಿ. ದಾರಿಯನ್ನರಿಯದವನೊಬ್ಬನು ಅದನ್ನು ಓದಿ ತನ್ನ ಸ್ಥಳವನ್ನು ಸೇರಬಲ್ಲನೆ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಸೇರಬಲ್ಲನಾದರೆ ಆ ಫಲಕವು ತನ್ನ ಧರ್ಮವನ್ನು ಪಾಲಿಸುತ್ತಿದೆಯೆಂದೇ ತಿಳಿಯಬೇಕು.